ಮೂರನೆಯ ಪದರ

ಸೊಂಟ ಹಿಡಿದುಕೊಂಡಾಗಿನಿಂದ ಪಿಯಾನೊ, ಬೀರು ಹೊರುವ ನನ್ನ ಕೆಲಸ ನಿಂತುಹೋಗಿತ್ತು. ಹೊಟ್ಟೆಯ ಆಳದ ಸ್ನಾಯು ಸರಿಯಾಗದಿದ್ದರೆ ಇನ್ನು ಭಾರ ಎತ್ತುವಂತಿಲ್ಲ, ಆಫೀಸಿನಲ್ಲಿ ಕೂತು ಫೋನ್ ಎತ್ತಬೇಕು ಎಂದು ಮಾಲೀಕರು ಹೇಳಿದ್ದರು. ಫೋನ್ ಎತ್ತುವುದಕ್ಕೆ ನಾನೇ ಬೇಕೇ? ಮೈಯೆಲ್ಲ ಉರಿದುಹೋಗಿತ್ತು. ನನ್ನನ್ನು ಸಾಕಿ ಬೆಳೆಸಿದ ಅಕ್ಕನಿಗೆ ಮಾತ್ರ ಹಾಲು ಕುಡಿದಷ್ಟು ಸಂತೋಷ. ನೆರಳಲ್ಲಿ ಕೂರುವ ಕೆಲಸ, ಒಪ್ಪಿಕೋ ಎಂದು ಆಸ್ಪತ್ರೆಯ ಬಾಗಿಲವರೆಗೂ ತಲೆ ತಿಂದಳು.

ಫಿಸಿಯೋಥೆರಪಿಸ್ಟ್ ನನ್ನ ಮಗಳ ವಯಸ್ಸಿನ ಹುಡುಗಿ. ಮಂಡಿ ಮಡಚಿ ಮಲಗಿಸಿ, ಪಕ್ಕೆಯ ಕೆಳಗೆ ತಣ್ಣನೆಯ ಜೆಲ್ ಬಳಿದು, ಬಸುರಿಯರಿಗೆ ಮಾಡುವ ಅದೇ ಸ್ಕ್ಯಾನಿಂಗ್ ಶುರುಮಾಡಿದಳು. ಪರದೆಯಲ್ಲಿ ಬೂದು ಬಣ್ಣದ ಮೂರು ಪಟ್ಟಿಗಳು, ಒಂದರ ಕೆಳಗೊಂದು. ತೀರಾ ಕೆಳಗಿನ ಪದರವೇ ನಮಗೆ ಬೇಕಾದ ಆಳದ ಸ್ನಾಯು, ಹೊಟ್ಟೆಯನ್ನು ಮೆಲ್ಲಗೆ ಒಳಗೆಳೆದರೆ ಅದು ದಪ್ಪಗಾಗಬೇಕು ಎಂದಳು.

ಮೆಲ್ಲಗೆ ಎಂಬುದು ನಮ್ಮ ಕಸುಬಿನಲ್ಲೇ ಇಲ್ಲ. ಬೀರು ಎತ್ತುವವನಂತೆ ಉಸಿರು ಬಿಗಿಹಿಡಿದು ಹೊಟ್ಟೆ ಗಟ್ಟಿ ಮಾಡಿದೆ. ಮೇಲಿನ ಎರಡು ಪಟ್ಟಿಗಳು ಉಬ್ಬಿದವು. ಮತ್ತೆ ಮಾಡಿದೆ, ಮುಖ ಕೆಂಪಾಯಿತು. ಕೆಳಗಿನದು ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ಥೇಟ್ ನಿನ್ ಭಾವನ ಥರ," ಎಂದಳು ಪಕ್ಕದಲ್ಲೇ ಕೂತಿದ್ದ ಅಕ್ಕ. "ಮನೆಯವರೆಲ್ಲ ದುಡೀತಿದ್ರೂ ಏಳಲ್ಲ."

ನನಗೆ ನಗು ಬರಲಿಲ್ಲ, ಹೆದರಿಕೆಯಾಯಿತು. ನನ್ನ ಕಸುಬೇ ಕಣ್ಣೆದುರು ಸತ್ತು ಮಲಗಿದೆ ಅನಿಸಿತು.

ಉಸಿರು ಕಟ್ಟದೆ ಭಾರ ಹೊರುವುದು ಯಾವಾಗಲಾದರೂ ಉಂಟೇ ಎಂದು ಹುಡುಗಿ ಕೇಳಿದಳು. ಉಂಟು ಎಂದೆ. ಮೆಟ್ಟಿಲಲ್ಲಿ ಪಿಯಾನೊ ಇಳಿಸುವಾಗ ಕೆಳಗಿರುವವನು ಮೇಲಿನವನಿಗೆ ಕಾಣುವುದಿಲ್ಲ. ಅದಕ್ಕೇ ಕೆಳಗಿನವನು ಸಣ್ಣಗೆ ಗುನುಗುತ್ತಲೇ ಇಳಿಯಬೇಕು. ದನಿ ಎಲ್ಲಿದೆಯೋ ಆಳು ಅಲ್ಲಿ. ನಮ್ಮ ತಂಡದಲ್ಲಿ ಆ ಕೆಳಗಿನವನು ಯಾವಾಗಲೂ ನಾನೇ.

"ಹಾಗಾದ್ರೆ ಹೊಟ್ಟೆ ವಿಷ್ಯ ಮರೆತುಬಿಡಿ. ಗುನುಗಿ," ಎಂದಳು.

ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡೇ ಗುನುಗಿದೆ. ಉಸಿರು ಸಣ್ಣಗೆ ಹೊರಗೆ ಹೋಗುತ್ತಿದ್ದಾಗ ಅಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಕಣ್ಣು ಬಿಟ್ಟರೆ, ಕೆಳಗಿನ ಪಟ್ಟಿ ದಪ್ಪಗಾಗಿ ಪಕ್ಕಕ್ಕೆ ಜಾರುತ್ತಿತ್ತು! ಮೇಲಿನವೆರಡೂ ಸುಮ್ಮನಿದ್ದವು. ನೋಡುತ್ತಾ ಗುನುಗುವುದನ್ನೇ ಮರೆತೆ, ಪಟ್ಟಿಯೂ ತೆಳ್ಳಗಾಯಿತು. ಮತ್ತೆ ಗುನುಗಿದೆ, ಮತ್ತೆ ಎದ್ದಿತು.

ಇವತ್ತೇ ಏನನ್ನೂ ಹೊರುವ ಹಾಗಿಲ್ಲ, ತಿಂಗಳುಗಟ್ಟಲೆ ಅಭ್ಯಾಸ ಬೇಕು, ಮೊದಲು ಖಾಲಿ ಪೆಟ್ಟಿಗೆ, ಆಮೇಲೆ ಉಳಿದದ್ದು ಎಂದು ಹುಡುಗಿ ಎಚ್ಚರಿಸಿದಳು. ಆಗಲಿ ಎಂದೆ. ಖುಷಿಗೆ ಕಣ್ಣು ತುಂಬಿಬಂದಿತ್ತು, ಒರೆಸಿಕೊಳ್ಳಲೂ ಇಲ್ಲ.

ಹೊರಗೆ ಬರುತ್ತಿದ್ದಂತೆ ಮಾಲೀಕರ ಫೋನ್ ಬಂತು. ಅಕ್ಕ ಅದನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಮುಗಿಯಿತು ಕಥೆ, ಆಫೀಸಿನ ಕೆಲಸಕ್ಕೆ ಒಪ್ಪಿಬಿಡುತ್ತಾಳೆ ಅಂದುಕೊಂಡೆ.

"ಫೋನ್ ಎತ್ತೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ," ಎಂದಳು ಅಕ್ಕ. "ನನ್ನ ತಮ್ಮ ಸ್ವಲ್ಪ ತಡವಾಗಿ ಬರ್ತಾನೆ."