ಗೂಡಿನ ರೇಟಿನ ಜೊತೆ ಬಂದ ಸುದ್ದಿ

ನಿಮ್ಮ ಫೋನಿಗೂ ಬಂದಿರುತ್ತದೆ. ಮಕ್ಕಳ ಕಳ್ಳರು ಬಂದಿದ್ದಾರೆ, ಗೋಣಿಚೀಲ ಹೊತ್ತು ಊರೂರು ತಿರುಗುತ್ತಿದ್ದಾರೆ, ಹುಷಾರು, ಹತ್ತು ಜನಕ್ಕೆ ಕಳಿಸಿ. ಯಾವ ಊರಲ್ಲಿ, ಯಾರ ಮಗು ಹೋಯಿತು ಅನ್ನುವುದು ಮಾತ್ರ ಅದರಲ್ಲಿ ಇರುವುದೇ ಇಲ್ಲ. ಆದರೂ ಹತ್ತು ಜನಕ್ಕೆ ಹೋಗುತ್ತದೆ, ಹತ್ತು ಜನ ನೂರು ಜನಕ್ಕೆ ಕಳಿಸುತ್ತಾರೆ.

ರಾಮನಗರದಲ್ಲಿ ವೆಂಕಟಲಕ್ಷ್ಮಮ್ಮ ಅಂತ ಒಬ್ಬ ಪೊಲೀಸ್ ಎಎಸ್‌ಐ. ಲಾಠಿ ಹಿಡಿಯುವ ಕೆಲಸವಲ್ಲ ಆಕೆಯದು, ಇಲಾಖೆಯ ಮಾತನ್ನು ಜನಕ್ಕೆ ಮುಟ್ಟಿಸುವ ಕೆಲಸ. ಈ ಸುದ್ದಿ ಶುರುವಾದ ದಿನವೇ ಆಕೆ ಜಿಲ್ಲೆಯ ಎಲ್ಲ ತಾಲ್ಲೂಕಿನ ಠಾಣೆಗಳಿಗೂ ಫೋನ್ ಮಾಡಿ ವಿಚಾರಿಸಿದ್ದಳು. ಒಂದು ಮಗುವೂ ಕಳುವಾಗಿರಲಿಲ್ಲ. ಕೂತು ಪ್ರಕಟಣೆ ಬರೆದಳು: ಸದರಿ ವದಂತಿಗೆ ಸಾರ್ವಜನಿಕರು ಕಿವಿಗೊಡಬಾರದೆಂದು ಈ ಮೂಲಕ ತಿಳಿಯಪಡಿಸಲಾಗಿದೆ. ಮೂರು ದಿನದಲ್ಲಿ ಅದನ್ನೇ ಊರೂರಿನ ಫೋನ್ ಗುಂಪುಗಳಿಗೆ ಏಳು ಸಲ ಹಾಕಿದಳು. ಜನ ಅದರ ಕೆಳಗೆ ಕೈಮುಗಿಯುವ ಚಿತ್ರ ಹಾಕಿದರು. ಕೈಮುಗಿದವರೇ ಅದರ ಕೆಳಗೆ ಮತ್ತೆ ಮಕ್ಕಳ ಕಳ್ಳರ ಸುದ್ದಿ ಹಾಕಿದರು.

ತಲೆ ಕೆಟ್ಟುಹೋಯಿತು ಅವಳಿಗೆ. ಅಷ್ಟರಲ್ಲಿ ಸೋಲೂರಿನಿಂದ ಸ್ವಂತ ತಂಗಿ ಮುನಿರತ್ನಮ್ಮನ ಫೋನು. ನೀನು ಪೊಲೀಸಲ್ವಾ, ಇದು ನಿಜಾನಾ ಅಂತ ಕೇಳಿದಳು. ಎಷ್ಟು ಜನಕ್ಕೆ ಕಳಿಸಿದ್ದೀಯಾ ಅಂದರೆ, ಹೆಂಗಸರ ಸಂಘದವರಿಗೆಲ್ಲ ಆಗಲೇ ಕಳಿಸಿಯಾಗಿತ್ತು.

"ಕಳ್ಸೋಕ್ ಮುಂಚೆ ಕೇಳ್ಬೇಕು ಕಣೇ, ಕಳಿಸ್ಬುಟ್ಟು ಕೇಳ್ತಾರಾ?"

"ಸುಳ್ಳಾದ್ರೆ ಏನೋಯ್ತದೆ ಬುಡಕ್ಕ. ನಿಜ ಆಗಿದ್ರೆ ಏನ್ ಮಾಡ್ತಿಯಾ?"

ಇದಕ್ಕೆ ಏನು ಹೇಳುತ್ತೀರಿ? ವೆಂಕಟಲಕ್ಷ್ಮಮ್ಮ ಫೋನ್ ಇಟ್ಟು ಎಂಟನೇ ಸಲ ಪ್ರಕಟಣೆ ಹಾಕಿದಳು.

ಈಗ ಅವಳ ಸೋದರಮಾವ ಬೋರಲಿಂಗಯ್ಯನ ವಿಷಯಕ್ಕೆ ಬರೋಣ. ಹನ್ನೊಂದು ವರ್ಷದಿಂದ ಆತನಿಗೆ ಒಂದೇ ಕಾಯಕ. ಬೆಳಿಗ್ಗೆ ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಹೋಗುವುದು, ರೇಷ್ಮೆಗೂಡು ಹರಾಜಾಗುವುದನ್ನು ನಿಂತು ನೋಡುವುದು, ಮಧ್ಯಾಹ್ನ ಎದುರಿನ ಟೀ ಅಂಗಡಿಯಲ್ಲಿ ಕೂತು ಅವತ್ತಿನ ರೇಟನ್ನು ಫೋನಿಗೆ ಹೇಳಿ ರೈತರ ಗುಂಪಿಗೆ ಬಿಡುವುದು. ಕನಕಪುರದಿಂದ ಮಾಗಡಿವರೆಗೆ ಹುಳ ಸಾಕುವವರೆಲ್ಲ ಅದನ್ನು ಕೇಳಿಯೇ ಗೂಡು ಬಿಡಿಸುವುದು, ಟೆಂಪೋ ಹೇಳುವುದು. ಕೆಲವು ಊರಲ್ಲಿ ಸಂಜೆ ಹಾಲು ಹಾಕುವ ಹೊತ್ತಿಗೆ ಡೇರಿಯ ಮೈಕಿಗೇ ಫೋನ್ ಹಿಡಿದು ಎಲ್ಲರಿಗೂ ಕೇಳಿಸುತ್ತಾರೆ. ಒಂದು ದಿನವೂ ಆತನ ರೇಟು ಸುಳ್ಳಾದದ್ದಿಲ್ಲ.

ನಾಲ್ಕನೇ ದಿನ ಬೋರಲಿಂಗಯ್ಯ ರೇಟು ಹೇಳಿ ಮುಗಿಸಿದ. ಮುಗಿಸಿದವನು ಸುಮ್ಮನಿರಬಾರದೆ? ಅದೇ ಉಸಿರಿನಲ್ಲಿ, ಇನ್ನೊಂದು ಇಸ್ಯ, ಮಕ್ಕಳ ಕಳ್ಳರು ಬಂದವ್ರಂತೆ, ಗೋಣಿಚೀಲ ತರೋರನ್ನ ಒಸಿ ನೋಡ್ಕಳಿ ಅಂತ ಸೇರಿಸಿಬಿಟ್ಟ. ರೇಟು ನಿಜ ಅಂದಮೇಲೆ ಅದರ ಬಾಲಕ್ಕೆ ಅಂಟಿದ್ದೂ ನಿಜ ಅಂತ ಜನ ತಿಳಿದರು.

ಅದೇ ಸಂಜೆ ಕನಕಪುರದ ಕಡೆ ಒಂದು ದೊಡ್ಡಿಯಲ್ಲಿ, ಅಂದರೆ ಪುಟ್ಟ ಊರಲ್ಲಿ, ಡೇರಿಯ ಮುಂದೆ ಹಾಲಿನ ಕ್ಯಾನು ಸಾಲು ನಿಂತಿತ್ತು. ಊರಿನ ಹೆಸರು ಬೇಡ, ಆ ಊರವರಿಗೇ ಈಗ ಅದನ್ನು ಹೇಳಲು ನಾಚಿಕೆ. ಮೈಕಿನಲ್ಲಿ ಬೋರಲಿಂಗಯ್ಯನ ಮಾತು ಮುಗಿದು ಸ್ವಲ್ಪ ಹೊತ್ತಾಗಿತ್ತು, ಮೊಪೆಡ್ ಮೇಲೆ ಮೂರು ಗೋಣಿಚೀಲ ಹೇರಿಕೊಂಡು ಒಬ್ಬ ಮುದುಕ ಬಂದ.

ಪೊಲೀಸ್ ಕಂಟ್ರೋಲ್ ರೂಮಿಗೆ ಕರೆ ಬಂತು. ಮಾಡಿದವರು ಡೇರಿಯ ಕಾರ್ಯದರ್ಶಿ ದೊಡ್ಡಲಕ್ಷ್ಮಮ್ಮ. ಒಬ್ಬ ಮುದುಕನನ್ನು ಕಂಬಕ್ಕೆ ಕಟ್ಟಿದ್ದಾರೆ, ಹೊಡೆಯುತ್ತಿದ್ದಾರೆ, ಬೇಗ ಬನ್ನಿ. ಜೀಪು ಹೊರಟಿತು, ಆದರೆ ಅರ್ಧ ಗಂಟೆಯ ದಾರಿ. ಅಲ್ಲಿಯವರೆಗೆ ಜನರನ್ನು ಹೇಗಾದರೂ ತಡೆಯಿರಿ ಅಂತ ಹೇಳಲು ವೆಂಕಟಲಕ್ಷ್ಮಮ್ಮ ಆ ಹೆಂಗಸಿಗೆ ತಾನೇ ಫೋನ್ ಮಾಡಿದಳು. ನಿಮ್ಮ ಊರಿನ ಫೋನಿಗೆಲ್ಲ ನಮ್ಮ ಪ್ರಕಟಣೆ ಬಂದಿದೆಯಲ್ಲ, ಅದನ್ನು ತೋರಿಸಿ ಅಂದಳು.

"ಅದ್ಯಾರು ಓದ್ತಾರೆ ಮೇಡಂ. ಬೋರಲಿಂಗಯ್ಯನೇ ಹೇಳವ್ನೆ ಅಂತಾವ್ರೆ. ನನ್ ಮಾತ ಯಾರೂ ಕೇಳ್ತಿಲ್ಲ."

ದೊಡ್ಡಲಕ್ಷ್ಮಮ್ಮ ಕಿಟಕಿಯಿಂದ ತೆಗೆದ ಒಂದು ಫೋಟೋ ಕಳಿಸಿದರು. ವೆಂಕಟಲಕ್ಷ್ಮಮ್ಮ ಸ್ಕೂಟರ್ ಹತ್ತಿದವಳು ಟೀ ಅಂಗಡಿಯ ಮುಂದೆಯೇ ಇಳಿದದ್ದು. ಬೋರಲಿಂಗಯ್ಯ ಇನ್ನೂ ಅಲ್ಲೇ ಇದ್ದ.

"ಮಕ್ಕಳ ಕಳ್ಳರನ್ನ ನೀನ್ ನೋಡ್ದಾ ಮಾವ?"

"ನಾನ್ಯಾಕ್ ನೋಡ್ಲಿ? ಬಸ್ಸಲ್ ಯಾರೋ ಅಂತಿದ್ರು. ಒಳ್ಳೇದುಕ್ಕೇ ಹೇಳ್ದೆ ಕಣವ್ವ, ಮಕ್ಕಳ ಇಸ್ಯ."

ಅವಳು ಫೋನನ್ನು ಅವನ ಮುಖಕ್ಕೆ ಹಿಡಿದಳು. ಕಂಬಕ್ಕೆ ಕಟ್ಟಿದ ಮುದುಕ, ಹರಿದ ಅಂಗಿ, ಸುತ್ತ ಚೆಲ್ಲಿದ ತೆಳುಗೂಡು. ಬೋರಲಿಂಗಯ್ಯ ಕನ್ನಡಕ ಸರಿಮಾಡಿಕೊಂಡು ನೋಡಿದ. ಅದು ಇದ್ರೀಸ್. ನೂಲು ತೆಗೆಯುವ ರೀಲರುಗಳು ಬೇಡವೆಂದ ತೆಳು ಜಿಲ್ಲಿ ಗೂಡನ್ನು ಊರೂರು ತಿರುಗಿ ಕೊಳ್ಳುವವನು. ಇಪ್ಪತ್ತು ವರ್ಷದಿಂದ ಇದೇ ಬೆಂಚಿನ ಮೇಲೆ ಬೋರಲಿಂಗಯ್ಯನ ಪಕ್ಕ ಕೂತು ಟೀ ಕುಡಿಯುವವನು. ಗೋಣಿಚೀಲವಿಲ್ಲದೆ ಅವನನ್ನು ಕಂಡವರೇ ಇಲ್ಲ.

ಈಗಲೇ ಗುಂಪಿಗೆ ಹೇಳು, ನೀನು ಹೇಳಿದ್ದು ತಪ್ಪು ಅಂತ ಹೇಳು ಅಂದಳು ಅವಳು. ಬೋರಲಿಂಗಯ್ಯ ಫೋನ್ ಕೈಗೆ ತೆಗೆದುಕೊಂಡ, ಮತ್ತೆ ಮೇಜಿನ ಮೇಲಿಟ್ಟ.

"ಪೊಲೀಸ್ನೋರು ಹೇಳುದ್ರು ಅನ್ಲಾ? ನಾನೇ ತಪ್ಪು ಅಂದ್ಬುಟ್ರೆ ನಾಳಿಕೆ ನನ್ ರೇಟ ಯಾರವ್ವ ನಂಬ್ತಾರೆ?"

ವೆಂಕಟಲಕ್ಷ್ಮಮ್ಮನಿಗೆ ಮೈ ಉರಿದುಹೋಯಿತು. ನಾಲ್ಕು ದಿನದ ಸಿಟ್ಟೆಲ್ಲ ಅಲ್ಲಿ ಬಂತು.

"ಪೊಲೀಸ್ನೋರು ಎಂಟ್ ಸಲ ಹೇಳವ್ರೆ ಮಾವ, ಒಬ್ರೂ ಕೇಳ್ಳಿಲ್ಲ. ನೀನ್ ಒಂದ್ ಸಲ ಹೇಳ್ದೆ, ಕಟ್ಟಾಕವ್ರೆ. ನಿನ್ ಮಾತ್ಗೆ ಕಟ್ಟಿರೋದು, ನಿನ್ ಮಾತ್ಗೇ ಬಿಚ್ಬೇಕು. ಅವ್ನು ಸತ್ಮೇಲೆ ನಿನ್ ರೇಟ್ ಯಾರಿಗ್ ಬೇಕು?"

ಬೋರಲಿಂಗಯ್ಯ ಫೋನೆತ್ತಿಕೊಂಡ. ರೈತರ ಗುಂಪು ತೆರೆದು ಹೇಳಿದ.

"ನಾನು ಬೋರಲಿಂಗಯ್ಯ ಮಾತಾಡ್ತಿರೋದು. ಮಧ್ಯಾಹ್ನ ಮಕ್ಕಳ ಕಳ್ಳರ ಇಸ್ಯ ಹೇಳಿದ್ನಲ್ಲ, ಅದ ನಾನು ಕಂಡಿಲ್ಲ. ಯಾರೋ ಅಂದ್ರು, ನಾನೂ ಅಂದೆ. ತಪ್ಪು ನಂದು. ನೀವು ಕಟ್ಟಾಕಿರೋನು ಇದ್ರೀಸು, ಜಿಲ್ಲಿ ಗೂಡು ತಗಳೋನು, ನಮ್ಮೋನು. ಬುಟ್ಬುಡಿ ಕಣ್ರಪ್ಪ, ಮೊದ್ಲು ಒಸಿ ನೀರ್ ಕೊಡಿ."

ದೊಡ್ಡಲಕ್ಷ್ಮಮ್ಮ ಅದನ್ನು ಡೇರಿಯ ಮೈಕಿಗೆ ಹಿಡಿದರು. ಎರಡು ಸಲ ಕೇಳಿಸಿದರು. ಎತ್ತಿದ ಕೈಗಳು ಇಳಿದವು. ಹಗ್ಗ ಬಿಚ್ಚಿದವನು ಯಾರು ಅಂತ ಎಲ್ಲರೂ ಹೇಳುತ್ತಾರೆ. ಕಟ್ಟಿದವನು ಯಾರು ಅಂದರೆ ಇವತ್ತಿಗೂ ನಾನಲ್ಲ, ಅವನು ಅನ್ನುತ್ತಾರೆ. ಜೀಪು ಬಂದಮೇಲೆ ಪೊಲೀಸರು ಫೋನಿನ ವಿಡಿಯೋ ನೋಡಿ ಒಂಬತ್ತು ಜನರ ಮೇಲೆ ಕೇಸು ಹಾಕಿದರು. ಅವರಲ್ಲಿ ಒಬ್ಬನ ಮನೆಯಲ್ಲಿ ಹಣ್ಣಾದ ರೇಷ್ಮೆಹುಳ ಗೂಡು ಕಟ್ಟುವ ಹೊತ್ತು, ಒಂದು ಗಳಿಗೆ ಬಿಟ್ಟರೂ ಬೆಳೆ ಹಾಳು. ಅಂಥ ಹೊತ್ತಿನಲ್ಲಿ ಅವನು ಠಾಣೆಯ ಬೆಂಚಿನ ಮೇಲೆ ಕೂತಿದ್ದ.

ಇದ್ರೀಸನ ಬಲಗೈ ಮುರಿದಿತ್ತು. ಮಾರನೇ ದಿನ ಬೋರಲಿಂಗಯ್ಯ ಸೋದರಸೊಸೆ ವೆಂಕಟಲಕ್ಷ್ಮಮ್ಮನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದ. ಹಾಸಿಗೆಯ ಪಕ್ಕ ಇದ್ರೀಸನ ಹೆಂಡತಿ ಕರೀಮುನ್ನೀಸಾ ಕೂತಿದ್ದರು. ಆಕೆ ತಲೆಯೆತ್ತಿ ನೋಡಲಿಲ್ಲ. ನನ್ನ ಮಾತು ಕೇಳಿದ ಕೂಡಲೇ ನಿನ್ನನ್ನು ಬಿಟ್ಟರಂತಲ್ಲ ಅಂತ ಬೋರಲಿಂಗಯ್ಯ ಮೆಲ್ಲಗೆ ಮಾತು ತೆಗೆದ.

"ಹೂಂ ಬೋರಣ್ಣ, ನೀವ್ ಹೇಳಿದ್ಮೇಲೆ ಬಿಟ್ರು," ಅಂದ ಇದ್ರೀಸ್. "ಕಟ್ಟಿದ್ದೂ ನೀವ್ ಹೇಳಿದ್ಮೇಲೇ."

ಬೋರಲಿಂಗಯ್ಯ ತಂದಿದ್ದ ಹಣ್ಣಿನ ಚೀಲವನ್ನು ಕೆಳಗಿಟ್ಟು ಎದ್ದುಬಂದ.

ಆ ರಾತ್ರಿಯೇ ವೆಂಕಟಲಕ್ಷ್ಮಮ್ಮ ಸೋಲೂರಿಗೆ ಫೋನ್ ಮಾಡಿದಳು. ಸುಳ್ಳಾದ್ರೆ ಏನೋಯ್ತದೆ ಅಂದೆಯಲ್ಲ, ಒಬ್ಬ ಮುದುಕನ ಕೈ ಮುರಿಯಿತು ಅಂದಳು. ಮುನಿರತ್ನಮ್ಮ, ಸಂಘದ ಹೆಂಗಸರಿಗೆಲ್ಲ ನಾನೇ ಒಬ್ಬೊಬ್ಬರಿಗೂ ಹೇಳುತ್ತೇನೆ ಅಂದಳು, ಹೇಳಿದಳು ಕೂಡ. ಸದರಿ, ಈ ಮೂಲಕ, ತಿಳಿಯಪಡಿಸಲಾಗಿದೆ, ಇವನ್ನೆಲ್ಲ ವೆಂಕಟಲಕ್ಷ್ಮಮ್ಮನೂ ಬಿಟ್ಟಳು. ಈಗ ಮನೆ ಜಗುಲಿಯಲ್ಲಿ ಮಾತಾಡಿದ ಹಾಗೆ ಮಾತಾಡಿ ಕಳಿಸುತ್ತಾಳೆ.

ಬೋರಲಿಂಗಯ್ಯನ ರೇಟನ್ನು ಜನ ನಂಬುತ್ತಾರಾ? ನಂಬುತ್ತಾರೆ, ಮೊದಲಿಗಿಂತ ಹೆಚ್ಚಾಗಿ. ರೇಟು ಮುಗಿದಮೇಲೆ ದಿನಾ ಆತ ಒಂದೇ ಮಾತು ಸೇರಿಸುತ್ತಾನೆ: "ಇಷ್ಟು ನಾನು ನಿಂತ್ಕಂಡು ಕಣ್ಣಾರ ಕಂಡಿದ್ದು. ಕಾಣದ್ದ ನಾನು ಹೇಳಕಿಲ್ಲ."

ಅಕ್ಕಂದಿರೇ, ಅಣ್ಣಂದಿರೇ, ಇಷ್ಟೇ ಕೇಳುವುದು ನಿಮ್ಮನ್ನು. ಫೋನಿಗೆ ಏನಾದರೂ ಬಂದರೆ ಬೆರಳು ಒತ್ತುವ ಮೊದಲು ಇದನ್ನು ಕಂಡವರು ಯಾರು ಅಂತ ಕೇಳಿ. ಹೆಸರಿಲ್ಲ, ಊರಿಲ್ಲ ಅಂದರೆ ಅಲ್ಲೇ ಅಳಿಸಿ. ನಂಬಿಕಸ್ಥರೇ ಕಳಿಸಿದ್ದರೂ ಕೇಳಿ. ಹೊಸಬರನ್ನು ಕಂಡು ಅನುಮಾನವಾದರೆ 112ಕ್ಕೆ ಫೋನ್ ಮಾಡಿ, ಕೈ ಎತ್ತಬೇಡಿ. ನಿಮ್ಮೂರಿನ ಡೇರಿಯ ಮುಂದೆಯೂ ಕಂಬವಿದೆ. ಅದು ದೀಪಕ್ಕಿರಲಿ.