ತೊಂಬತ್ತನೇ ನಂಬರ್ ಎಣ್ಣೆ

ಬಿಸಿ ಮಾಡಿದ ಹರಳೆಣ್ಣೆಯ ವಾಸನೆ ಕಾಟಯ್ಯನಿಗೆ ಎಳವೆಯಿಂದ ಗೊತ್ತು. ಚಳಿಗೆ ಕೀಲೆಣ್ಣೆ ಗಟ್ಟಿಯಾದರೆ ಅವನಪ್ಪ ಅದನ್ನು ಒಲೆಯ ಮೇಲಿಟ್ಟು ತೆಳುವಾಗಿಸಿ, ಆಮೇಲೆ ಎತ್ತಿನಗಾಡಿಯ ಅಚ್ಚಿಗೆ ಬಿಡುತ್ತಿದ್ದ. "ಮಂದ ಎಣ್ಣೆ ಒಳಗಿಳಿಯಲ್ಲ ಮಗಾ, ಕಬ್ಬಿಣ ಕಬ್ಬಿಣಾನೇ ತಿಂತೈತೆ" ಅನ್ನುತ್ತಿದ್ದ.

ಹಿರಿಯೂರಿನಲ್ಲಿ ಹತ್ತು ವರ್ಷ ಬಾಡಿಗೆ ಕಾರು ಓಡಿಸಿದ ಕಾಟಯ್ಯ ಆ ಮಾತನ್ನು ಮರೆತಿರಲಿಲ್ಲ. ಮರೆತು ಮಾಡಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ. ಎಪ್ಪತ್ತಾರರ ದೀಪಾವಳಿಗೆ ತನ್ನ ಹಳೆಯ ಅಂಬಾಸಡರ್ ಮಾರುವಾಗ, ಸವೆದ ಇಂಜಿನ್ನಿನ ಕಟಕಟ ಕೇಳಿಸದಿರಲೆಂದು ಗೇರ್‌ಪೆಟ್ಟಿಗೆಗೆ ಹಾಕುವ ಮಂದವಾದ ತೊಂಬತ್ತನೇ ನಂಬರ್ ಎಣ್ಣೆಯನ್ನು ಅದಕ್ಕೆ ಸುರಿದಿದ್ದ. ಕೊಂಡವನು ಯಲ್ಲದಕೆರೆಯ ಪಾಲಯ್ಯ. ಅರ್ಧ ಹಿಂಡು ಕುರಿ ಮಾರಿ ಕೊಂಡಿದ್ದ.

ಪುಷ್ಯದ ಚಳಿಯಲ್ಲಿ ಕಾರು ನಿಂತಿತು. ಪಾಲಯ್ಯ ಹೇಳಿ ಕಳಿಸಿದ. ಕಾಟಯ್ಯ ಬೆಳಗಿನ ಬಸ್ಸಿಗೆ ಬಂದ.

"ಬಾರಣ್ಣ, ಕುಂತ್ಕ" ಎಂದ ಪಾಲಯ್ಯ. ಜಗಲಿಯ ಮೇಲೆ ಕೂತಿದ್ದ ನೆರೆಮನೆಯ ಮುದ್ದಜ್ಜ ನಕ್ಕ. "ಲೇ ಪಾಲ, ನಿನ್ನ ಕಾರಿಗಿಂತ ನನ್ನ ಟಗರೇ ವಾಸಿ ಕಣೋ, ಗುದ್ದಿದ್ರಾದ್ರೂ ಮುಂದಕ್ಕೋಗ್ತೈತೆ!"

ಪಾಲಯ್ಯ ನಗಲಿಲ್ಲ. ದನಿ ತಗ್ಗಿಸಿದ. "ತಪ್ಪು ನಂದೇ ಕಣಣ್ಣ. ಎಣ್ಣೆ ಕಮ್ಮಿಯಾಗಿತ್ತು. ಅಂಗಡಿಯೋನು ನಲವತ್ತನೇ ನಂಬರ್ ಹಾಕು ಅಂದ, ಹಾಕ್ದೆ. ತೆಳ್ಳಗೆ ನೀರಿನಂಗಿತ್ತು. ಅದ್ರಿಂದಲೇ ಕೆಡ್ತೇನೋ. ನೀನು ಎಷ್ಟನೇ ನಂಬರ್ ಹಾಕ್ತಿದ್ದೆ?"

ಹೂಂ, ಅದರಿಂದಲೇ ಕೆಟ್ಟಿದ್ದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕಾಟಯ್ಯ ಬಾನೆಟ್ಟು ಎತ್ತಿ ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದ. ಕಪ್ಪೆಣ್ಣೆ ಬೆಲ್ಲದ ಪಾಕದಂತೆ ತುದಿಗೆ ಬಂದು ಜೋತುಬಿತ್ತು, ತೊಟ್ಟಿಕ್ಕಲಿಲ್ಲ. ಬಾಗಿಲಲ್ಲಿ ಪಾಲಯ್ಯನ ಹೆಂಡತಿ ಚಂದ್ರಕ್ಕ ನಿಂತಿದ್ದಳು.

"ನಲವತ್ತೇ ಸರಿ" ಎಂದ ಕಾಟಯ್ಯ. "ನೀನು ಹಾಕಿದ್ದು ಸರಿ ಪಾಲಯ್ಯ. ಮೊದಲೇ ಅದರೊಳಗೆ ತೊಂಬತ್ತನೇ ನಂಬರ್ ಗೇರ್ ಎಣ್ಣೆ ಇತ್ತು. ಇಂಜಿನ್ ಸದ್ದು ನಿನಗೆ ಕೇಳಬಾರದು ಅಂತ ನಾನೇ ಸುರಿದಿದ್ದೆ. ಚಳಿಗೆ ಅದು ಒಳಗೆ ಹರಿದಿಲ್ಲ. ಇಂಜಿನ್ ತಿರುಗದಂಗೆ ಹಿಡ್ಕಂಡೈತೆ."

ಮುದ್ದಜ್ಜನ ನಗು ನಿಂತಿತು. ಪಾಲಯ್ಯ ಕಾಟಯ್ಯನನ್ನೇ ನೋಡಿದ.

"ಹಿರಿಯೂರಿಗೆ ಎಳೆಸ್ಕಂಡೋಗಿ ನನ್ನ ಖರ್ಚಲ್ಲೇ ಬಿಚ್ಚಿಸಿ ರಿಪೇರಿ ಮಾಡಿಸ್ತೀನಿ" ಎಂದ ಕಾಟಯ್ಯ.

"ಮಾಡ್ಸು" ಎಂದಷ್ಟೇ ಹೇಳಿ ಪಾಲಯ್ಯ ಕಂಬಳಿ ಹೆಗಲಿಗೆ ಹಾಕಿಕೊಂಡು ಕುರಿಗಳತ್ತ ಹೋದ.

ತಿರುಗಿ ಹೋಗಲು ಸಂಜೆಯವರೆಗೆ ಬಸ್ಸಿರಲಿಲ್ಲ. ಜಗಲಿ ಹತ್ತುವ ಧೈರ್ಯವಾಗದೆ ಕಾಟಯ್ಯ ಬಿಸಿಲಲ್ಲಿ ಕಾರಿನ ಪಕ್ಕ ತಲೆತಗ್ಗಿಸಿ ಕೂತ. ಹೊತ್ತು ನೆತ್ತಿಗೇರಿತು. ಚಂದ್ರಕ್ಕ ಬಂದು ಅವನ ಮಸಿಗೈಗೆ ಚೊಂಬಿನಿಂದ ನೀರು ಹುಯ್ದಳು. ಆಮೇಲೆ ಮುದ್ದೆ, ಹುರುಳಿಸಾರಿನ ತಟ್ಟೆಯನ್ನು ಅವನ ಕೈಗಿತ್ತಳು.