ಎಡಕ್ಕೆ ಸುತ್ತಿದ ನೂಲು

ಅಕ್ಕ ಸತ್ತ ಮೇಲೂ ಸೂಜಿಗೆ ನೂಲು ಪೋಣಿಸುವುದನ್ನು ಬಿಟ್ಟಿರಲಿಲ್ಲ.

ಈ ಮಾತನ್ನು ಇಲಿ ಯಾರ ಹತ್ತಿರವೂ ಆಡಿರಲಿಲ್ಲ. ಇಲಿ ಅನ್ನುವುದು ಅಪ್ಪ ಇಟ್ಟ ಅಡ್ಡಹೆಸರು. ಮೂಲೆ ಹಿಡಿದು ಕೂತು ಎಲ್ಲವನ್ನೂ ನೋಡುತ್ತಾಳೆ, ಯಾರಾದರೂ ಮಾತಾಡಿಸಿದರೆ ಬಿಲ ಸೇರುತ್ತಾಳೆ ಅಂತ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಕಿಟಕಿ ಪರದೆ, ದಿಂಬಿನ ಚೀಲ, ಕುರ್ಚಿಯ ಹೊದಿಕೆ ಹೊಲಿದು ಕೊಡುತ್ತಿದ್ದರು. ಅಪ್ಪನ ಕೈಗೆ ಕತ್ತರಿ, ಅಮ್ಮನ ಕಾಲಿಗೆ ಮೆಷಿನ್ನು, ಅಂಚಿನ ಕೈಹೊಲಿಗೆಯೆಲ್ಲ ಅಕ್ಕನದು. ಇಲಿ ಶಾಲೆ ಬಿಟ್ಟು ಮನೆಯಲ್ಲಿ ಕೂತಾಗ, ಅಕ್ಕ ಕಿಟಕಿಯ ಪಕ್ಕದ ತನ್ನ ಸ್ಟೂಲನ್ನು ಒಂದಿಷ್ಟು ಸರಿಸಿ ಜಾಗ ಮಾಡಿಕೊಟ್ಟಿದ್ದಳು. ಯಾಕೆ ಬಿಟ್ಟೆ ಎಂದು ಕೇಳಿರಲಿಲ್ಲ.

ಆ ಅಂಗಡಿಯಲ್ಲಿ ಒಂದು ನಿಯಮವಿತ್ತು. ಸಂಜೆ ಏಳುವಾಗ ಬರಿ ಸೂಜಿ ಬಿಟ್ಟು ಏಳುವಂತಿಲ್ಲ. ನಾಳೆಯ ಬಟ್ಟೆಗೆ ಹೊಂದುವ ಬಣ್ಣದ ನೂಲು ಪೋಣಿಸಿ, ತುದಿಗೆ ಗಂಟು ಹಾಕಿ, ಸೂಜಿಯನ್ನು ಹತ್ತಿಯ ಮೆತ್ತೆಗೆ ಚುಚ್ಚಿ, ಉಳಿದ ನೂಲನ್ನು ಅದರ ಕುತ್ತಿಗೆಗೆ ಸುತ್ತಿ ಹೋಗಬೇಕು. ಇಲಿಯ ಸೂಜಿಗೂ ಅಕ್ಕನೇ ಪೋಣಿಸುತ್ತಿದ್ದಳು. ಅಕ್ಕ ಎಡಗೈಯವಳು. ಎಲ್ಲರೂ ಬಲಕ್ಕೆ ಸುತ್ತುವ ನೂಲನ್ನು ಅವಳು ಎಡಕ್ಕೆ ಸುತ್ತುತ್ತಿದ್ದಳು. ಬೆಳಿಗ್ಗೆ ಅದನ್ನು ಬಿಚ್ಚಲು ಹೋಗಿ ಇಲಿ ಸಿಕ್ಕು ಮಾಡಿಕೊಂಡರೆ, "ನೂಲು ಬಿಚ್ಚೋಕೂ ಬರಲ್ಲ, ಇವಳು ಹೋಗಿ ಗಂಡನ ಮನೆ ಬೆಳಗ್ತಾಳಂತೆ!" ಎಂದು ನಗುತ್ತಿದ್ದಳು.

ಅಕ್ಕ ಹೋದ ಮೇಲೆ ಇಲಿ ಹಟಕ್ಕೆ ಬಿದ್ದವಳಂತೆ ಬರಿ ಸೂಜಿಯನ್ನೇ ಬಿಟ್ಟು ಏಳತೊಡಗಿದಳು. ಆ ಕೆಲಸ ತನ್ನದಲ್ಲ. ಆದರೆ ಬೆಳಿಗ್ಗೆ ಬಂದು ನೋಡಿದರೆ ಸೂಜಿಯಲ್ಲಿ ನೂಲಿರುತ್ತಿತ್ತು, ಎಡಕ್ಕೆ ಸುತ್ತಿದ್ದು. ಸ್ಟೂಲು ಮೇಜಿನಿಂದ ಚೂರು ಹಿಂದೆ ಸರಿದಿರುತ್ತಿತ್ತು, ಯಾರೋ ಈಗಷ್ಟೇ ಎದ್ದು ನೀರು ಕುಡಿಯಲು ಒಳಗೆ ಹೋದ ಹಾಗೆ.

ಮೊದಲ ಸಲ ಎದೆ ಧಸಕ್ಕೆಂದಿತ್ತು. ಆಮೇಲೆ ಅದೇ ಆಸರೆಯಾಯಿತು. ಬೇರೆಯವರು ಗೋರಿಯ ಹತ್ತಿರ ಹೋಗಿ ಅಳುತ್ತಾರೆ, ತನಗೆ ದಿನಾ ಬೆಳಿಗ್ಗೆ ಅಕ್ಕನ ಕೈಬರಹ ಸಿಗುತ್ತದೆ ಅಂದುಕೊಂಡಳು.

ಆದರೆ ಈಚೆಗೆ ಏನೋ ತಪ್ಪುತ್ತಿತ್ತು. ಬಿಳಿ ಬಟ್ಟೆಯ ದಿನವೂ ನೀಲಿ ನೂಲು, ಹಸಿರು ಬಟ್ಟೆಯ ದಿನವೂ ನೀಲಿ ನೂಲು. ಅಕ್ಕ ಅರ್ಧಕ್ಕೆ ಬಿಟ್ಟುಹೋದ ನೀಲಿ ಪರದೆಯದು ಅದು. ತುದಿಯಲ್ಲಿ ಗಂಟು ಇರುತ್ತಿರಲಿಲ್ಲ. ಸುತ್ತು ಸಡಿಲವಾಗುತ್ತಾ ಬಂತು. ಒಂದು ಬೆಳಿಗ್ಗೆ ನೂಲು ಸೂಜಿಯ ಕಣ್ಣಿನೊಳಗೆ ಹೋಗಿಯೇ ಇರಲಿಲ್ಲ, ಪಕ್ಕದಲ್ಲಿ ಜೋತುಬಿದ್ದಿತ್ತು. ಅದರ ತುದಿ ಬಾಯಲ್ಲಿಟ್ಟು ಮತ್ತೆ ಮತ್ತೆ ಒದ್ದೆ ಮಾಡಿದಂತೆ ಸೀಳಿಹೋಗಿತ್ತು.

ಅಕ್ಕ ಮರೆಯುತ್ತಿದ್ದಾಳೆ ಎಂದು ಇಲಿಗೆ ಆಗ ಹೊಳೆಯಿತು. ಬಾಗಿಲಲ್ಲಿ ಬಹಳ ಹೊತ್ತು ಕಾಯಿಸಿದವರಿಗೆ ತಾವು ಯಾಕೆ ಬಂದೆವು ಅನ್ನುವುದೇ ಮರೆತುಹೋಗುವ ಹಾಗೆ.

ಕಾಯಿಸಿದ್ದು ಯಾರೆಂದೂ ಅವಳಿಗೆ ಗೊತ್ತಿತ್ತು.

ಅಪ್ಪನದು ಒಂದು ಧರ್ಮ, ಅಮ್ಮನದು ಇನ್ನೊಂದು. ಅಪ್ಪನ ಕಡೆಯವರ ಪ್ರಾರ್ಥನೆಯ ಮನೆಯಲ್ಲಿ ದೊಡ್ಡ ಗಂಟೆಯಿತ್ತು. ಚಿಕ್ಕವರಿದ್ದಾಗ ಅಕ್ಕ ತಂಗಿಯರು ಅದನ್ನು ಗಂಟೆಮನೆ ಅನ್ನುತ್ತಿದ್ದರು. ಅಮ್ಮನ ಕಡೆಯವರದು ಮೌನದ ಮನೆ. ಅಲ್ಲಿ ಎಲ್ಲರೂ ಗೋಡೆಗೆ ಬೆನ್ನು ಕೊಟ್ಟು ಸುಮ್ಮನೆ ಕೂರುತ್ತಿದ್ದರು. ಮದುವೆಯಾದ ತಪ್ಪಿಗೆ ಇಬ್ಬರನ್ನೂ ಅವರವರ ಕಡೆಯವರು ಹೊರಗಿಟ್ಟರು. ಹೊರಬಿದ್ದವರು ತಮ್ಮತಮ್ಮಲ್ಲೇ ಒಂದು ಮಾತು ಮಾಡಿಕೊಂಡರು: ಮಕ್ಕಳನ್ನು ಯಾವ ಕಡೆಗೂ ಎಳೆಯುವುದಿಲ್ಲ, ವಯಸ್ಸಿಗೆ ಬಂದ ಮೇಲೆ ಅವರೇ ಆರಿಸಿಕೊಳ್ಳಲಿ.

ಅಕ್ಕ ಆರಿಸಿಕೊಂಡಿದ್ದಳು. "ನಿರ್ಧಾರ ಆಯ್ತು ಕಣೇ. ಈ ನೀಲಿ ಪರದೆ ಮುಗೀಲಿ, ಎಲ್ಲರ ಮುಂದೆ ಹೇಳ್ತೀನಿ," ಎಂದಿದ್ದಳು. ಪರದೆ ಮುಗಿಯುವ ಮೊದಲೇ ಜ್ವರ ಬಂತು. ಆಸ್ಪತ್ರೆಯಿಂದ ಅವಳು ಮನೆಗೆ ಬರಲಿಲ್ಲ.

ಎರಡು ಧರ್ಮಗಳಲ್ಲೂ ಸತ್ತವರನ್ನು ಕಳಿಸಿಕೊಡಲು ಅವರದೇ ರೀತಿಯಿತ್ತು. ಊರಿನ ಸಾರ್ವಜನಿಕ ಸ್ಮಶಾನದಲ್ಲಿ ಅಕ್ಕನನ್ನು ಮಣ್ಣಿಗೆ ಇಳಿಸುವಾಗ ಅಮ್ಮನ ತುಟಿ ಅಲುಗಿತು. ಅಪ್ಪನ ಮುಖ ನೋಡಿ ನಿಲ್ಲಿಸಿದಳು. ಅಪ್ಪ ಗಂಟಲು ಸರಿಮಾಡಿಕೊಂಡ. ಅಮ್ಮನ ಮುಖ ನೋಡಿ ನುಂಗಿಕೊಂಡ. ಒಬ್ಬರಿಗೊಬ್ಬರು ಕೊಟ್ಟ ಮಾತು ಉಳಿಸಿಕೊಂಡು, ಮಗಳನ್ನು ಒಂದು ಮಾತೂ ಇಲ್ಲದೆ ಕಳಿಸಿದರು. ಆಮೇಲೆ ಮನೆಯಲ್ಲಿ ಅಕ್ಕನ ಹೆಸರನ್ನು ಯಾರೂ ಎತ್ತಲಿಲ್ಲ.

ನೂಲು ಜೋತುಬಿದ್ದಿದ್ದ ಆ ದಿನವೇ ಅತ್ತೆ ಬಂದಳು. ಅಪ್ಪನ ಅಕ್ಕ. ಕದ್ದುಮುಚ್ಚಿ ಬಂದುಹೋಗುವುದು ಅವಳಿಗೆ ವರ್ಷಗಳ ಅಭ್ಯಾಸ.

"ಏನೇ ಇಲಿ, ವಯಸ್ಸಿಗೆ ಬಂದೆಯಂತೆ. ನಾಲಿಗೆ ಬಂತಾ ಇಲ್ವಾ?"

ಇಲಿ ನಕ್ಕಳು.

"ನಮ್ಮಲ್ಲಿಗೆ ಬಾ. ನಿನಗೆ ಅಲ್ಲಿ ಏನೂ ಕಷ್ಟ ಇಲ್ಲ. ಮಾತೆಲ್ಲಾ ಹಿರಿಯರು ಆಡ್ತಾರೆ, ಗಂಟೆ ಅದರ ಪಾಡಿಗೆ ಹೊಡೆಯುತ್ತೆ, ನೀನು ತಲೆ ತಗ್ಗಿಸಿ ನಿಂತರೆ ಮುಗೀತು. ನಿನ್ನಂಥವಳಿಗೆ ಹೇಳಿ ಮಾಡಿಸಿದ ಧರ್ಮ!"

ಅಪ್ಪ ಕತ್ತರಿ ನಿಲ್ಲಿಸದೆ, "ಅಕ್ಕಾ, ಎಳೀಬೇಡ," ಎಂದ.

"ಎಳೀತಿಲ್ಲಪ್ಪಾ. ಕರೀತಿದೀನಿ."

"ಅತ್ತೆ," ಇಲಿ ಮೆಲ್ಲಗೆ ಕೇಳಿದಳು, "ಸತ್ತವರನ್ನ ಈಗಲೂ ಗಂಟೆ ಹೊಡೆಸಿ ಕಳಿಸಬಹುದಾ?"

ಕತ್ತರಿಯೂ ನಿಂತಿತು, ಮೆಷಿನ್ನೂ ನಿಂತಿತು.

"ರಕ್ತಸಂಬಂಧಿ ಕೇಳಬೇಕು," ಅತ್ತೆಯ ದನಿ ಇಳಿಯಿತು. "ನನ್ನಂಥ ಅತ್ತೆ ಸಾಲದು. ತಂದೆ, ತಾಯಿ, ಒಡಹುಟ್ಟಿದವರು. ಅವರೂ ನಮ್ಮವರೇ ಆಗಿರಬೇಕು."

ಅತ್ತೆಯ ಜೊತೆ ಇಲಿ ಗಂಟೆಮನೆಗೆ ಹೋದಳು. ಎತ್ತರದ ಸೂರು, ಉಜ್ಜಿ ಹೊಳೆಯುವ ಹಿತ್ತಾಳೆ, ಒತ್ತಿಕೊಂಡು ನಿಂತ ಜನ. ಗಂಟೆ ಹೊಡೆದಾಗ ಸದ್ದು ಹಲ್ಲಿನವರೆಗೂ ಬಂತು. ಹೆಂಗಸರು ಕೆನ್ನೆ ಸವರಿ "ನಮ್ಮ ಹುಡುಗಿ" ಎಂದರು. ಯಾರ ಕೈಯೂ ಒರಟಾಗಿರಲಿಲ್ಲ.

"ಅಕ್ಕ ಇಲ್ಲಿಗೆ ಬರ್ತಿದ್ದಳಾ?"

"ಬರದೆ ಏನು! ಕೊನೇ ಸಾಲಲ್ಲಿ ನಿಂತು, ಗಂಟೆ ಹೊಡೆದಾಗೆಲ್ಲ ಕಿವಿ ಮುಚ್ಕೊಳ್ಳೋಳು, ಕಳ್ಳಿ," ಎಂದಳು ಅತ್ತೆ. ಗಂಟೆಯ ಹಗ್ಗಕ್ಕೆ ಸುತ್ತಿದ ಕೆಂಪು ಬಟ್ಟೆ ತೋರಿಸಿದಳು. "ಹರಿದಿತ್ತು. ಅವಳೇ ಹೊಲಿದು ಕೊಟ್ಟಳು."

ಇಲಿ ಹತ್ತಿರ ಹೋಗಿ ಮುಟ್ಟಿದಳು. ಹೊಲಿಗೆಗಳು ಎಡಕ್ಕೆ ವಾಲಿದ್ದವು. ಅಕ್ಕ ಆರಿಸಿಕೊಂಡದ್ದು ಇದನ್ನೇ ಇರಬೇಕು ಅನ್ನಿಸಿ ಕಣ್ಣು ತುಂಬಿತು. ಸುಲಭವೂ ಆಗಿತ್ತು, ತಲೆ ತಗ್ಗಿಸಿ ನಿಂತರೆ ಮುಗಿಯಿತು.

ಆದರೂ ಅಮ್ಮನ ಕಡೆಯದನ್ನು ನೋಡದೆ ನಿರ್ಧಾರ ಹೇಳುವುದು ನ್ಯಾಯವಲ್ಲ ಅನ್ನಿಸಿತು. ಮರುವಾರ ಒಬ್ಬಳೇ ಮೌನದ ಮನೆಗೆ ಹೋದಳು. ಸುಣ್ಣದ ಗೋಡೆಯ ಒಂದೇ ಕೋಣೆ. ಗೋಡೆಯುದ್ದಕ್ಕೂ ಮೆತ್ತೆಗಳು. ಬಾಗಿಲು ಕಾಯುವ ಅಜ್ಜಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಪರದೆ ಹೊಲಿಯೋರ ಮಗಳಲ್ವಾ? ಮೂಗು ಅದೇ," ಎಂದಳು.

"ಅಕ್ಕ…"

"ಬರ್ತಿದ್ದಳು. ಪ್ರಾರ್ಥನೆ ಮಾಡ್ತಾಳೆ ಅಂದ್ಕೊಂಡಿದ್ದೆ. ನೋಡಿದರೆ ನಿದ್ದೆ! ಗೊರಕೆ ಬೇರೆ. ನಾನೇ ತಿವಿದು ಎಬ್ಬಿಸಿದೀನಿ."

ಅಜ್ಜಿ ತೋರಿಸಿದ ಮೆತ್ತೆಯ ಮೂಲೆಯಲ್ಲೂ ಎಡಕ್ಕೆ ವಾಲಿದ ಹೊಲಿಗೆಗಳಿದ್ದವು. ಇಲಿಗೆ ನಗು, ಅಳು ಒಟ್ಟಿಗೇ ಬಂತು. ಅಕ್ಕ ಇಲ್ಲಿ ಕಿವಿ ಮುಚ್ಚಿಕೊಂಡಿರಲಿಲ್ಲ, ಅಲ್ಲಿ ನಿದ್ದೆ ಮಾಡಿರಲಿಲ್ಲ. ಇದರಿಂದ ಏನಂತ ತಿಳಿಯುವುದು?

"ಇಲ್ಲಿ ಸತ್ತವರನ್ನ ಹೇಗೆ ಕಳಿಸ್ತೀರಿ, ಅಜ್ಜಿ?"

"ಹೆಸರು ಕೂಗ್ತೀವಿ, ಒಂದೇ ಸಲ. ನಮ್ಮ ಪೈಕಿ ಆದ ರಕ್ತಸಂಬಂಧಿ ಎದ್ದು ನಿಂತು, ಗಟ್ಟಿಯಾಗಿ. ಆಮೇಲೆ ಎಲ್ಲರೂ ಸುಮ್ಮನಿರ್ತೀವಿ, ಅವರು ನಡೆದು ಹೋಗೋ ಹೆಜ್ಜೆ ಕೇಳಿಸಲಿ ಅಂತ." ಅಜ್ಜಿ ಅವಳ ಮುಖ ನೋಡಿದಳು. "ಒಂದು ತಿಳ್ಕೋ, ಮಗಾ. ಕೂಗಿದ ಮೇಲೆ ಅವರು ಹೋಗಿಬಿಡ್ತಾರೆ."

ಎಲ್ಲರ ಮುಂದೆ, ಒಬ್ಬಳೇ, ಗಟ್ಟಿಯಾಗಿ! ಇಲಿಯ ಅಂಗೈ ಬೆವರಿತು. ತರಗತಿಯಲ್ಲಿ ಎದ್ದು ನಿಂತು ಓದು ಅಂದಾಗ ಹೀಗೇ ಬೆವರುತ್ತಿತ್ತು. ಆ ಭಯಕ್ಕೇ ಅವಳು ಶಾಲೆ ಬಿಟ್ಟದ್ದು.

ಅಂಗಡಿಗೆ ಬಂದು ಕಿಟಕಿಯ ಪಕ್ಕ ಕೂತಳು. ಬಿಸಿಲಿಲ್ಲದ ಮಧ್ಯಾಹ್ನ. ಕೈ ಚಾಚಿ ಅಕ್ಕನ ಸ್ಟೂಲನ್ನು ಮುಟ್ಟಿದರೆ ಬೆಚ್ಚಗಿತ್ತು. ನೀಲಿ ಪರದೆಯ ಮೇಲೆ ನೂಲಿನ ತುಣುಕುಗಳು ಬಿದ್ದಿದ್ದವು, ಎಲ್ಲವೂ ಒದ್ದೆ ತುದಿಯವು. ಪೋಣಿಸಲು ನೋಡಿ ನೋಡಿ ಸೋತು ಬಿಟ್ಟಂಥವು. ಕೆಲಸದಲ್ಲಿ ಅಷ್ಟು ಚುರುಕಾಗಿದ್ದವಳು! ತನಗೆ ಆಸರೆ ಬೇಕೆಂದು ಈ ಹಿಂಸೆಯನ್ನು ಇನ್ನೆಷ್ಟು ದಿನ ನೋಡಿಕೊಂಡು ಕೂರುವುದು?

ಗಂಟೆಯ ಸದ್ದಿಗೆ ಅಕ್ಕ ಕಿವಿ ಮುಚ್ಚಿಕೊಂಡಾಳು. ಹೆಸರು ಕೂಗಿದರೆ ಕೇಳಿಸಿಕೊಂಡಾಳು. ಆ ಹೆಸರನ್ನು ಯಾರೂ ಕರೆದೇ ಇಲ್ಲವಲ್ಲ. ಮತ್ತೆ, ಆ ಒಂದು ಹೆಸರು ಕೂಗಿದ ಮೇಲೆ ಎಲ್ಲರೂ ಸುಮ್ಮನಿರುವ ಜಾಗದಲ್ಲಿ ತಾನೂ ಬದುಕಬಹುದು ಅನ್ನಿಸಿತು ಇಲಿಗೆ. ಅಕ್ಕನಿಗಾಗಿ ಮಾತ್ರವಲ್ಲ, ತನಗಾಗಿಯೂ ಮಾಡಿದ ಯೋಚನೆ ಅದು.

"ಅಪ್ಪ, ಅಮ್ಮ," ಎಂದಳು. "ನಾನು ಅಮ್ಮನ ಕಡೆ."

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗೆದ್ದ ಮುಖವಲ್ಲ ಅದು. ಅಪ್ಪ ತಲೆಯಾಡಿಸಿದ. "ನಿನಗೆ ಸರಿ ಅನಿಸಿದ್ದೇ ಸರಿ, ಮಗಳೇ," ಎಂದು ಮತ್ತೆ ಕತ್ತರಿ ಆಡಿಸಿದ. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವನ ಕತ್ತರಿ ಗೆರೆ ಬಿಟ್ಟು ಹೋಯಿತು.

ಮೌನದ ಮನೆಯವರು ಹೊಸಿಲಲ್ಲಿ ಅವಳಿಂದ "ನಾನು ಇಲ್ಲಿಯವಳು" ಅನ್ನಿಸಿ ಒಳಗೆ ಕರೆದರು. ಅಮ್ಮ ಹೊರಗಿನ ಮೆಟ್ಟಿಲಲ್ಲಿ ಕೂತಳು. ಅಪ್ಪ ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದ. ಇಲಿ ಎದ್ದು ನಿಂತಳು. ಬಾಯಿ ತೆರೆದಳು, ಗಾಳಿಯಷ್ಟೇ ಬಂತು. ಅಜ್ಜಿ ಕಣ್ಣು ಮುಚ್ಚಿಕೊಂಡೇ, "ಎಷ್ಟು ಹೊತ್ತಾದರೂ ಆಗಲಿ," ಎಂದಳು.

ಆಗ ಇಲಿ ಅಕ್ಕನ ಹೆಸರನ್ನು ಕೂಗಿದಳು.

ಅದು ಕೋಣೆ ದಾಟಿ, ಮೆಟ್ಟಿಲು ದಾಟಿ, ರಸ್ತೆಯ ಆಚೆಗೂ ಕೇಳಿಸಿತು. ಆಮೇಲೆ ಯಾರೂ ಉಸಿರೂ ದೊಡ್ಡದಾಗಿ ಬಿಡಲಿಲ್ಲ. ಹೆಜ್ಜೆ ಕೇಳಿಸಿತೇ ಎಂದು ಕೇಳಿದರೆ ಇಲಿ ಹೇಳಲಾರಳು. ಮೂಲೆಯಲ್ಲಿದ್ದ ಆ ಹೊಲಿದ ಮೆತ್ತೆ, ಕೂತವರು ಎದ್ದಾಗ ಉಬ್ಬುವಂತೆ ನಿಧಾನವಾಗಿ ಉಬ್ಬಿದ್ದನ್ನು ಮಾತ್ರ ನೋಡಿದಳು.

ಮರುದಿನ ಬೆಳಿಗ್ಗೆ ಅಂಗಡಿಗೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಸ್ಟೂಲು ಮೇಜಿಗೆ ಒತ್ತಿಕೊಂಡೇ ಇತ್ತು. ಆದರೆ ಸೂಜಿಯಲ್ಲಿ ನೂಲಿತ್ತು.

ಹೋಗಲಿಲ್ಲವೇ? ತಪ್ಪು ಬಾಗಿಲಲ್ಲಿ ನಿಂತು ಕೂಗಿದೆನೇ?

ಹತ್ತಿರ ಹೋಗಿ ನೋಡಿದಳು. ನೂಲು ದಪ್ಪನಾಗಿ, ಬಿಗಿಯಾಗಿ, ಬಲಕ್ಕೆ ಸುತ್ತಿಕೊಂಡಿತ್ತು.

ಅಪ್ಪ ಕಿಟಕಿಯ ಬಾಗಿಲು ತೆಗೆಯುತ್ತಾ, ಅವಳ ಕಡೆ ನೋಡದೆ ಹೇಳಿದ: "ಈ ದಿನ ಬರಿ ಸೂಜಿ ಇತ್ತು. ನಾನೇ ಪೋಣಿಸಿದೆ. ಇಷ್ಟು ದಿನ ನೀನೇ ಮಾಡಿಟ್ಟು ಹೋಗ್ತಿದ್ದೆ, ಇವತ್ತು ನನ್ನ ಮೇಲೆ ಬೇಜಾರೇನೋ ಅಂದ್ಕೊಂಡೆ. ನೀನು ಅಮ್ಮನ ಕಡೆ ಹೋಗಿದ್ದಕ್ಕೆ ನಂಗೆ ಬೇಜಾರಿಲ್ಲ, ಮಗಳೇ. ಅದನ್ನೇ ಹೇಳೋಣ ಅಂತ."

"ನಾನು ಯಾವತ್ತೂ ಪೋಣಿಸಿಟ್ಟಿಲ್ಲ, ಅಪ್ಪ. ಒಂದು ದಿನವೂ."

ಅಪ್ಪ ಅಮ್ಮನ ಕಡೆ ತಿರುಗಿದ. ಅಮ್ಮ ಇಲ್ಲವೆಂದು ತಲೆಯಾಡಿಸಿದಳು. "ನಾನು ನೀವೇ ಪೋಣಿಸ್ತಿದೀರಿ ಅಂದ್ಕೊಂಡಿದ್ದೆ," ಎಂದಳು.

ಮೂವರೂ ಆ ಸ್ಟೂಲನ್ನು ನೋಡಿದರು. ಇಲಿ ಮೆಲ್ಲಗೆ, ಆದರೆ ಸ್ಪಷ್ಟವಾಗಿ, ಅಕ್ಕನ ಹೆಸರು ಹೇಳಿದಳು. ಆ ಮನೆಯೊಳಗೆ ಅದು ಎಷ್ಟೋ ಕಾಲದ ಮೇಲೆ ಕೇಳಿಸಿದ್ದು.

ಅಪ್ಪ ಕಿಟಕಿಯ ಕಟ್ಟೆ ಹಿಡಿದು ನಿಂತ. "ಈಗ?"

"ಹೋದಳು."

ಅಪ್ಪ ಆ ಸೂಜಿಯನ್ನು ಎತ್ತಿ ಬೆಳಕಿಗೆ ಹಿಡಿದ. "ನಾನು ತಪ್ಪು ಕಡೆಗೆ ಸುತ್ತಿದೆನಾ?"

"ಇಲ್ಲಪ್ಪ. ಸರಿಯಾದ ಕಡೆಗೇ ಸುತ್ತಿದ್ದೀರಿ," ಇಲಿ ಎಂದಳು. "ಅವಳೇ ಯಾವಾಗಲೂ ತಪ್ಪು ಕಡೆಗೆ ಸುತ್ತುತ್ತಿದ್ದದ್ದು."

ಅಮ್ಮ ನಕ್ಕಳು, ನಗು ಅಳುವಾಗುವವರೆಗೂ. ಇಲಿ ನೀಲಿ ಪರದೆಯನ್ನು ಮಡಿಲಿಗೆ ಎಳೆದುಕೊಂಡಳು. ಅಕ್ಕನ ಕೊನೆಯ ಹೊಲಿಗೆಯ ಪಕ್ಕ ಸೂಜಿ ಇಳಿಸಿದಳು. ಅವಳದು ಬಲಕ್ಕೆ ವಾಲಿತು. ನೂಲು ಎಲ್ಲಿಯೂ ಸಿಕ್ಕಾಗಲಿಲ್ಲ. ಸಿಕ್ಕಾಗಿದ್ದರೆ ಚೆನ್ನಾಗಿತ್ತು ಅನ್ನಿಸಿತು.